ಹಿಡಿ ಅಕ್ಕಿಯ ಛತ್ರ

“ಗುರುಗಳೇ, ಸಿರಿವಂತ ದೇಶಗಳಲ್ಲಿ ಸರಕಾರಗಳು ಜನರ ಹಿತಕ್ಕೆಂದು ಇಷ್ಟೊಂದು ಖರ್ಚು ಮಾಡುತ್ತವೆ. ಆದರೂ ಅಲ್ಲಿ ಉಳ್ಳವರಿಗೂ ಇಲ್ಲದವರಿಗೂ ನಡುವಿನ ಕಂದಕ ಹಿಗ್ಗುತ್ತಲೇ ಇದೆ. ಉಳ್ಳವರಿಗೂ ಹಂಚಿ ಪೋಲು ಮಾಡುವುದನ್ನು ಬಿಟ್ಟು, ಇಲ್ಲದವರಿಗೆ ಮಾತ್ರ ಕೊಟ್ಟರೆ ಈ ಕಂದಕ ಮುಚ್ಚುವುದಿಲ್ಲವೇ?”

ಶಿಷ್ಯ ಹೀಗೆ ಕೇಳಿದ. ಗುರುಗಳು ಒಂದು ಕತೆ ಹೇಳಿದರು.

ಒಂದು ಬಂದರು ಪಟ್ಟಣವಿತ್ತು. ಬಹಳ ಸಿರಿವಂತ ಪಟ್ಟಣ. ಅಲ್ಲೊಂದು ಛತ್ರವಿತ್ತು. ಪ್ರತಿ ಮನೆಯಲ್ಲೂ ಬೆಳಿಗ್ಗೆ ಅನ್ನಕ್ಕೆ ಅಕ್ಕಿ ತೊಳೆಯುವ ಮೊದಲು ಒಂದು ಹಿಡಿ ತೆಗೆದು ಬೇರೆ ಮಡಕೆಗೆ ಹಾಕುವುದು ಅಲ್ಲಿನ ರೂಢಿ. ವಾರಕ್ಕೊಮ್ಮೆ ಛತ್ರದ ಗಾಡಿ ಬಂದು ಅದನ್ನು ಒಯ್ಯುತ್ತಿತ್ತು. ತೆಗೆದಿಟ್ಟ ಅಕ್ಕಿ ಛತ್ರದ್ದು. ಮನೆಯವರು ಉಪವಾಸ ಬಿದ್ದರೂ ಅದನ್ನು ಮುಟ್ಟುವಂತಿಲ್ಲ.

ಇಲ್ಲದವರು ದಿನವೂ ಛತ್ರದಲ್ಲಿ ಉಣ್ಣುತ್ತಿದ್ದರು. ಉಳ್ಳವರೂ ವಾರದಲ್ಲಿ ಒಂದು ದಿನ, ಯಾವ ದಿನವಾದರೂ ಸರಿ, ಅದೇ ಪಂಕ್ತಿಯಲ್ಲಿ ಕೂತು ಉಣ್ಣಲೇಬೇಕಿತ್ತು.

ಅವರಲ್ಲಿ ಒಬ್ಬ ವರ್ತಕನಿದ್ದ. ನಾಲಿಗೆ ಬಲು ಚುರುಕು. ಸಾರು ತೆಳ್ಳಗಾದರೆ ಅಡುಗೆಯವನನ್ನು ಕರೆದು, “ಏನಯ್ಯಾ, ಬೇಳೆ ಹಾಕಿದ್ದೀಯೋ, ಬೇಳೆಯ ಸುದ್ದಿ ಮಾತ್ರ ಹೇಳಿದ್ದೀಯೋ?” ಎನ್ನುತ್ತಿದ್ದ. ಪಂಕ್ತಿಯೆಲ್ಲ ನಗುತ್ತಿತ್ತು. ವರ್ತಕ ಯಾವ ದಿನ ಬರುತ್ತಾನೋ ತಿಳಿಯದ್ದರಿಂದ ಅಡುಗೆಯವನು ಎಲ್ಲ ದಿನವೂ ಬೇಳೆ ಹಾಕುತ್ತಿದ್ದ.

ವರ್ತಕ ಒಳ್ಳೆಯವನು. ಒಂದು ದಿನ ಪಟ್ಟಣದ ಸಭೆಯಲ್ಲಿ ಎದ್ದು ನಿಂತ. “ಹೊಟ್ಟೆ ತುಂಬಿದ ನಾವು ಛತ್ರದಲ್ಲಿ ಉಣ್ಣುವುದೆಂದರೆ ಹಸಿದವನ ಎಲೆಗೆ ಕೈ ಹಾಕಿದಂತೆ. ಇನ್ನು ಮೇಲೆ ಇಲ್ಲದವರು ಮಾತ್ರ ಉಣ್ಣಲಿ” ಎಂದ.

ಅಡುಗೆಯವನು ಹಿಂದಿನಿಂದ, “ಧಣಿ, ನೀವು ಬಾರದಿದ್ದರೆ ನನ್ನನ್ನು ಬೈಯುವವರು ಯಾರು?” ಎಂದು ಕೇಳಿದ.

“ಅಯ್ಯೋ ಮಾರಾಯಾ, ಬೈಗುಳವನ್ನೂ ದಾನ ಮಾಡಬೇಕೇ ನಾನು?” ಎಂದ ವರ್ತಕ. ಸಭೆ ನಕ್ಕಿತು. ನಿಯಮ ಬದಲಾಯಿತು.

ಮೊದಲ ವರ್ಷ ಇಲ್ಲದವರಿಗೆ ಎರಡೆರಡು ಸಲ ಅನ್ನ ಬಂತು. ಸುಳ್ಳು ಹೇಳಬಾರದು.

ಆಮೇಲೆ ಸಾರು ತೆಳ್ಳಗಾಯಿತು. ಬೈಯಬಲ್ಲವರು ಅಲ್ಲಿರಲಿಲ್ಲ. ಇದ್ದವರು ಬೈಯುವಂತಿರಲಿಲ್ಲ. ಒಬ್ಬ ಮುದುಕ ಅನ್ನದಲ್ಲಿ ಕಲ್ಲು ಸಿಕ್ಕಿತೆಂದಾಗ ಬಡಿಸುವವನು, “ಅನ್ನವೇ ಬಿಟ್ಟಿ ತಾತಾ, ಕಲ್ಲಿಗೇನು ಬೇರೆ ಕೇಳಿದೆವೇ?” ಎಂದ.

ಉಳ್ಳವರ ಮನೆಗಳಿಗೆ ಹೊಸ ಸೊಸೆಯರು ಬಂದರು. ಅವರು ಛತ್ರದ ಅನ್ನ ಕಂಡವರಲ್ಲ. ಅಕ್ಕಿ ತೆಗೆದಿಡುವಾಗ ಒಬ್ಬಳು, “ಇದನ್ನು ಯಾರು ಉಣ್ಣುತ್ತಾರೆ ಅತ್ತೇ?” ಎಂದು ಕೇಳಿದಳು. ಅತ್ತೆ, “ಯಾರೋ” ಎಂದಳು. ಯಾರೋ ಉಣ್ಣುವ ಮಡಕೆಗೆ ಮೊದಲು ನುಚ್ಚು ಬಿತ್ತು. ಬರುಬರುತ್ತಾ ಹಿಡಿ ಚಿಟಿಕೆಯಾಯಿತು. ಯಾರೂ ಕೆಟ್ಟವರಾಗಿರಲಿಲ್ಲ.

ಬಡವರಿಂದ ಅಕ್ಕಿ ಎತ್ತುವುದು ತರವಲ್ಲವೆಂದು ಹಮಾಲರ ಕೇರಿಗೆ ಗಾಡಿ ಹೋಗುವುದನ್ನೂ ನಿಲ್ಲಿಸಿದರು. ಇದೂ ದಯೆಯಿಂದಲೇ. ಆದರೆ ದಿನಾ ಹಿಡಿ ಅಕ್ಕಿ ತೆಗೆದಿಡುವ ಆ ಕೇರಿಯ ಹೆಂಗಸರ ಕೈ ನಿಲ್ಲಲಿಲ್ಲ. ಅಜ್ಜಿಯ ಕಾಲದ ರೂಢಿ.

ಛತ್ರದಲ್ಲಿ ಅಕ್ಕಿ ಸಾಲದಾಯಿತು. ಉಳ್ಳವರು ಯಾರೋ ಕದ್ದು ಉಣ್ಣುತ್ತಿದ್ದಾರೆಂದು ಸಭೆಗೆ ಅನುಮಾನ ಬಂತು. ಮನೆಮನೆಯ ಮಡಕೆ ನೋಡಿ ಬರಲು ಒಬ್ಬನನ್ನು ನೇಮಿಸಿದರು. ಅವನು ಸರಿಯಾಗಿ ನೋಡುತ್ತಾನೋ ಇಲ್ಲವೋ ಎಂದು ನೋಡಲು ಇನ್ನಿಬ್ಬರನ್ನು ನೇಮಿಸಿದರು. ಮೂವರ ಊಟವೂ ಛತ್ರದಲ್ಲಿಯೇ, ಒಳಕೋಣೆಯಲ್ಲಿ. ಮನೆಯಲ್ಲಿ ಅಕ್ಕಿ ಕಂಡರೆ ಛತ್ರದಲ್ಲಿ ಎಲೆ ಇಲ್ಲ ಎಂಬುದು ನಿಯಮ. ಉಣ್ಣುವವರ ಪಟ್ಟಿಯಿಂದ ಒಮ್ಮೆ ಹೆಸರು ಹೋದರೆ ಮತ್ತೆ ವಿಚಾರಣೆ ಮುಂದಿನ ವರ್ಷ.

ಹಮಾಲರ ಕೇರಿಯಲ್ಲಿ ಮೂಟೆ ಹೊರುವ ಒಬ್ಬ ಹೆಂಗಸಿದ್ದಳು. ಗಂಡನನ್ನು ಕಡಲು ನುಂಗಿತ್ತು. ಏಳು ತಿಂಗಳ ಬಸುರಿ. ಹಿಂದಿನ ಎರಡು ಹೊಟ್ಟೆಯಲ್ಲೇ ಹೋಗಿದ್ದವು. “ಈ ಸಲವೂ ಭಾರ ಎತ್ತಿದೆಯೋ, ಇದೂ ದಕ್ಕುವುದಿಲ್ಲ ಮಗಳೇ” ಎಂದು ಸೂಲಗಿತ್ತಿ ಹೇಳಿದ್ದಳು. ಅವಳು ಮೂಟೆ ಹೊರುವುದನ್ನು ಬಿಟ್ಟಳು. ಹೆರಿಗೆಯವರೆಗೆ ಛತ್ರದಲ್ಲಿ ಒಂದು ಎಲೆ ಬೇಕೆಂದು ಕೇಳಿಕೊಂಡಳು.

ಮಡಕೆ ನೋಡುವವನು ಅವಳ ಗುಡಿಸಲಿಗೆ ಬಂದ. ಒಲೆಯ ಪಕ್ಕದ ಮಡಕೆ ಬರಿದಾಗಿತ್ತು. ಮೂಲೆಯಲ್ಲಿದ್ದ ಇನ್ನೊಂದರಲ್ಲಿ ಅಕ್ಕಿ ಇತ್ತು.

“ಇದೇನಮ್ಮಾ ಇದು?”

“ಅದು ನನ್ನದಲ್ಲಣ್ಣಾ. ಛತ್ರದ ಹಿಡಿ ಅಕ್ಕಿ. ಕೆಲಸ ಇದ್ದಾಗ ದಿನಾ ತೆಗೆದಿಟ್ಟದ್ದು. ಗಾಡಿ ಬಂದು ನಾಲ್ಕು ತಿಂಗಳಾಯಿತು.”

“ಭೇಷ್! ಛತ್ರಕ್ಕೆ ಅಕ್ಕಿ ಕೊಡುವ ದೊಡ್ಡಮನೆಯವಳು. ಉಣ್ಣುವುದಕ್ಕೂ ಅಲ್ಲಿಗೇ ಬರುತ್ತೀಯಾ?”

“ಹಸಿದರೂ ಮುಟ್ಟಿಲ್ಲ. ಬೇಕಾದರೆ ಈಗಲೇ ಒಯ್ಯಿರಿ ಅಣ್ಣಾ.”

“ಒಯ್ಯುವುದು ಗಾಡಿಯವನ ಕೆಲಸ. ನನ್ನದು ನೋಡುವ ಕೆಲಸ. ನೋಡಿದೆ.”

ಅವನು ಅವಳ ಹೆಸರು ಹೊಡೆದುಹಾಕಿದ.

ಆ ಸಂಜೆ ಕೇರಿಯ ಹೆಂಗಸರೆಲ್ಲ ಹಿಡಿ ಅಕ್ಕಿಯ ಮಡಕೆಗಳನ್ನು ಬರಿದು ಮಾಡಿ ಕವುಚಿಟ್ಟರು. ಮತ್ತೆ ಯಾರೂ ತೆಗೆದಿಡಲಿಲ್ಲ. ಅಲ್ಲಿಯವರೆಗೆ ಪಟ್ಟಣದಲ್ಲಿ ತುಂಬಿದ ಹಿಡಿ ಉಳಿದಿದ್ದದ್ದು ಆ ಕೇರಿಯಲ್ಲಿ ಮಾತ್ರ.

ಆ ಬಸುರಿ ತನ್ನ ಮಡಕೆಯ ಅಕ್ಕಿಯನ್ನು ಬೇಯಿಸಿಕೊಂಡಳು. ಹನ್ನೆರಡು ದಿನ ಬಂತು. ಬರಿ ಮಡಕೆ ಹಿಡಿದು ಛತ್ರಕ್ಕೆ ಹೋದಳು. “ಮುಂದಿನ ವರ್ಷ ಬಾ” ಎಂದರು. ಮರುದಿನ ಬಂದರಿಗೆ ಹೋಗಿ ಮೂಟೆಗೆ ಬೆನ್ನು ಕೊಟ್ಟಳು. ಮಗು ದಕ್ಕಲಿಲ್ಲ.

ಸುದ್ದಿ ವರ್ತಕನಿಗೆ ತಲುಪಿತು. ಅವನು ನಿಜವಾಗಿಯೂ ನೊಂದ. ಸಭೆಯಲ್ಲಿ ಕಣ್ಣೊರೆಸಿಕೊಂಡು, “ನಮ್ಮ ಛತ್ರವಿತ್ತಲ್ಲ! ಆ ತಾಯಿ ಅಲ್ಲಿಗೇಕೆ ಹೋಗಲಿಲ್ಲ?” ಎಂದು ಕೇಳಿದ. ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವರು ಯಾರೂ ಆ ಸಭೆಯಲ್ಲಿ ಕೂರುವವರಾಗಿರಲಿಲ್ಲ. ಹಸಿದವರಿಗೆ ಒದಗದ ಛತ್ರ ಇದ್ದೇನು ಫಲವೆಂದು ಮಾತು ಬಂತು. ಮರುವರ್ಷ ಬಾಗಿಲು ಹಾಕಿದರು. ಪಟ್ಟಣ ಇನ್ನಷ್ಟು ಸಿರಿವಂತವಾಯಿತು.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

“ತಪ್ಪು ಆ ಮಡಕೆ ನೋಡುವವನದು ಗುರುಗಳೇ” ಎಂದ ಶಿಷ್ಯ. “ಕರುಳಿರುವ ಒಬ್ಬನನ್ನು ನೇಮಿಸಿದ್ದರೆ ಸಾಕಿತ್ತು.”

ಗುರುಗಳು ಅವನ ಮುಖ ನೋಡಿದರು.

“ನಾವು ಒಳಗೆ ಉಂಡು, ನಮ್ಮ ಮಠದ ಹಿತ್ತಿಲಲ್ಲಿ ದಿನವೂ ಬಡವರಿಗೆ ಬಡಿಸುತ್ತೇವಲ್ಲ, ಆ ಊಟ ಹೇಗಿರುತ್ತದೆ, ಹೇಳು.”