ಅಧ್ಯಕ್ಷರು ಕೀಳಲಾರದ ಟಿಕಳಿ

ಡೆಂಗಿ ಜ್ವರ ಬಂದ ಮನೆಗೊಂದರಂತೆ ಆಶಾ ಕಾರ್ಯಕರ್ತೆ ಮಾಳವ್ವ ಊರಿನ ನಕ್ಷೆಗೆ ಹೆಂಗಸರು ಹಣೆಗೆ ಹಚ್ಚುವ ಕೆಂಪು ಟಿಕಳಿ ಅಂಟಿಸಿ ಪಂಚಾಯ್ತಿ ಗೋಡೆಗೆ ತೂಗುಹಾಕಿದ್ದಳು. ಎಂಟೂ ಟಿಕಳಿ ಅಧ್ಯಕ್ಷ ನಿಂಗನಗೌಡರು ಕಟ್ಟಿಸಿದ ಕಾರಂಜಿ ತೊಟ್ಟಿಯ ಸುತ್ತಲೇ ಇದ್ದವು. ಕಾರಂಜಿ ಕೆಟ್ಟು ತಿಂಗಳಾಗಿತ್ತು. ನಿಂತ ನೀರಲ್ಲಿ ಸೊಳ್ಳೆಮರಿ ಕುಣಿಯುತ್ತಿದ್ದವು. ತೊಟ್ಟಿ ಬರಿದು ಮಾಡಿಸಿ ಎಂದು ಅವಳು ದಿನಾ ಬಡಕೊಂಡರೂ ಗೌಡರು ಕೇಳಿರಲಿಲ್ಲ.

ಆವತ್ತು ಗೌಡರು ತಾಲೂಕಿನಿಂದ ಮನೆಗೂ ಹೋಗದೆ ನೇರ ಪಂಚಾಯ್ತಿಗೆ ಧಾವಿಸಿದರು.

"ಮೂರಕ್ಕ ಸ್ವಚ್ಛ ಊರಿನ ಪ್ರಶಸ್ತಿ ಕಮಿಟಿ ಬರ್ತೈತಿ. ಕಿತ್ತ ಹಾಕು ಇವನ್ನ!"

"ನೀವ ಕೀಳ್ರಿ ಗೌಡ್ರ. ಆದ್ರ ಜ್ವರ ಬಿಟ್ಟ ಮ್ಯಾಲನ ಟಿಕಳಿ ಕೀಳೂದು ನನ್ನ ಪದ್ಧತಿ. ಮನಿ ಹೆಸರು ಹೇಳಿ, 'ಜ್ವರ ಬಿಟ್ಟೈತಿ' ಅಂದು ಕೀಳ್ರಿ."

"ಅಷ್ಟೇನಾ?" ಗೌಡರು ಗಡಿಯಾರ ನೋಡುತ್ತ ಪಟಪಟ ಕಿತ್ತರು. "ಕುಂಬಾರ ಮನಿ, ಜ್ವರ ಬಿಟ್ಟೈತಿ. ಬಡಿಗೇರ ಮನಿ, ಬಿಟ್ಟೈತಿ." ಒಂದೇ ನಿಮಿಷದಲ್ಲಿ ಏಳು ಮನೆಯ ಜ್ವರ ಬಿಟ್ಟಿತು. ಯಾವ ಡಾಕ್ಟರಿಗೂ ಅಂಥ ಕೈಗುಣ ಇರಲಿಲ್ಲ.

ಎಂಟನೆಯದರ ಮೇಲೆ ಬೆರಳು ನಿಂತಿತು. "ಇದು ನಮ್ಮ ಮನಿ ಅಲ್ಲೇನ?"

"ಹೌದ್ರಿ. ನಿಮ್ಮ ಮೊಮ್ಮಗಳ ಮೈ ಮುಂಜಾನಿಂದ ಕೆಂಡ ಆಗೈತಿ. ಗೌಡ್ತಿಯವ್ರು ತಮ್ಮ ಕೈಯಾರ ಹಚ್ಚಿ ಹೋದ್ರು. ಅನ್ರಿ, ಜ್ವರ ಬಿಟ್ಟೈತಿ ಅನ್ರಿ."

ಗೌಡರು ಕೀಳಲು ಹೋದ ಹೆಬ್ಬೆರಳಿನಿಂದಲೇ ಆ ಟಿಕಳಿಯನ್ನು ಇನ್ನಷ್ಟು ಒತ್ತಿದರು.

"ಈಗಿಂದೀಗ ತೊಟ್ಟಿ ಬರಿದು ಮಾಡಿಸ್ತೀನಿ," ಎಂದು ಉಳಿದ ಏಳನ್ನೂ ಮತ್ತೆ ಅಂಟಿಸಲು ಹೋದರು. ಒಂದೂ ನಿಲ್ಲಲಿಲ್ಲ.

"ಕಿತ್ತದ್ದಕ್ಕ ಅಂಟು ಇರೂದಿಲ್ರಿ," ಎಂದಳು ಮಾಳವ್ವ.

ಮೂರಕ್ಕೆ ಕಮಿಟಿ ಬಂದಾಗ ತೊಟ್ಟಿ ಒಣಗಿತ್ತು. ಅಧ್ಯಕ್ಷರು ಮಾತ್ರ ಬಳೆ ಅಂಗಡಿಯಲ್ಲಿ ಹೆಂಗಸರ ನಡುವೆ ನಿಂತು ಕೆಂಪು ಟಿಕಳಿ ಆರಿಸುತ್ತಿದ್ದರು.