ಊಟವಿಲ್ಲದ ದಿನದ ಗಂಟೆ

ಹೊಳೆದಂಡೆಯ ಆ ಆಶ್ರಮದಲ್ಲಿ ಮಧ್ಯಾಹ್ನದ ಗಂಟೆ ಬಾರಿಸುವುದು ಈಗಲೂ ಚೌರಪ್ಪನೇ. ತಲೆ ಪೂರ್ತಿ ನೆರೆತಿದೆ. ಹಗ್ಗಕ್ಕೆ ಕೈ ಹಾಕಿದಾಗಲೆಲ್ಲ ಗುರು ಇನ್ನಾಸಿ ಸ್ವಾಮಿಗಳ ನೆನಪಾಗಿ ಅವನ ಕಣ್ಣು ಒದ್ದೆಯಾಗುತ್ತದೆ.

ಎಂಥ ದಿನಗಳವು! ಹೊಟ್ಟೆಗೆ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಸ್ವಾಮಿಗಳ ಮುಖದ ನಗು ಮಾತ್ರ ಯಾವತ್ತೂ ಮಾಸುತ್ತಿರಲಿಲ್ಲ.

ಆಗ ಆಶ್ರಮವೆಂದರೆ ಒಂದು ಹುಲ್ಲಿನ ಗುಡಿಸಲು, ಮರದ ಶಿಲುಬೆ, ಹೊಂಗೆಮರಕ್ಕೆ ತೂಗುಹಾಕಿದ ಗಂಟೆ, ಅಷ್ಟೇ. ಮಧ್ಯಾಹ್ನದ ಪ್ರಾರ್ಥನೆ ಮುಗಿದೊಡನೆ ಊಟದ ಗಂಟೆ ಬಾರಿಸಬೇಕು. ಹಸಿದವರು ಯಾರೇ ಆಗಲಿ, ಬಂದು ಸಾಲಿನಲ್ಲಿ ಕೂರಬೇಕು. ಅದು ಸ್ವಾಮಿಗಳು ಮಾಡಿಟ್ಟ ಪದ್ಧತಿ. ಕಣ್ಣು ಕಾಣದ ಅಂತೋಣಪ್ಪನಂತೂ ಆ ಸದ್ದಿನ ಜಾಡು ಹಿಡಿದೇ ಮರಳು ದಾಟಿ ಬರುತ್ತಿದ್ದ.

ಒಂದು ದಿನ ತಪ್ಪಲೆ ಖಾಲಿ. ಚೌರಪ್ಪ ಹಿಟ್ಟಿನ ಮಡಕೆ ಬೋರಲು ಹಾಕಿ ಕೊಡವಿದ. ರಾಗಿಯ ವಾಸನೆ ಬಂತೇ ಹೊರತು ಹಿಟ್ಟು ಬೀಳಲಿಲ್ಲ.

ಜನರನ್ನು ಕರೆದು, ಎಲೆ ಹಾಕಿ, ಬಡಿಸುವುದೇನನ್ನು? ಸ್ವಾಮಿಗಳ ಮರ್ಯಾದೆ ಏನಾಗಬೇಕು?

ಅವನು ಹಗ್ಗ ಮುಟ್ಟಲಿಲ್ಲ. ಗುರುವಿನ ಮಾನ ಉಳಿಸಿದೆನೆಂದು ಒಳಗೊಳಗೇ ಬೀಗಿದ ಬೇರೆ, ಪುಣ್ಯಾತ್ಮ!

ಕಾಯಿಲೆಯವರನ್ನು ನೋಡಲು ಹೋಗಿದ್ದ ಸ್ವಾಮಿಗಳು ಹೊತ್ತು ಇಳಿದ ಮೇಲೆ ಮರಳಿದರು. ಜೊತೆಗೆ ಅಂತೋಣಪ್ಪನನ್ನು ಕೈಹಿಡಿದು ಕರೆತಂದಿದ್ದರು. ಅವನ ಅಂಗಾಲು ಕಾದ ಮರಳಿಗೆ ಬೊಬ್ಬೆ ಎದ್ದಿತ್ತು.

"ಗಂಟೆ ಕೇಳಿಸ್ಲೇ ಇಲ್ಲ ಕಣಪ್ಪ. ಯಾವ ಕಡೆ ನಡೀಬೇಕೋ ಗೊತ್ತಾಗ್ಲಿಲ್ಲ. ಸುತ್ತಿದ್ದೇ ಸುತ್ತಿದ್ದು," ಎಂದ ಅಂತೋಣಪ್ಪ.

ಚೌರಪ್ಪ ಓಡಿಹೋಗಿ ನೀರಿನ ತಂಬಿಗೆ ತಂದಿಟ್ಟ.

"ಯಾಕಪ್ಪ ಬಾರಿಸ್ಲಿಲ್ಲ?" ಸ್ವಾಮಿಗಳು ಕೇಳಿದರು.

"ತಪ್ಪಲೇಲಿ ಏನೂ ಇರ್ಲಿಲ್ಲ ಸ್ವಾಮಿ."

"ಬೆಳಿಗ್ಗೆ ಮಂಡಿಯೂರಿ ಪರಲೋಕದ ತಂದೇನ ಊಟ ಕೇಳ್ದೋರು ಯಾರು?"

"ನಾನೇ."

"ಕೇಳಿಬಿಟ್ಟು ಬಾಗ್ಲು ಹಾಕ್ಕೊಂಡ್ಯಾ?"

ಚೌರಪ್ಪ ತಲೆ ತಗ್ಗಿಸಿದ.

"ಹೋಗು, ಬಾರಿಸು."

"ಈಗ್ಲೂ ಏನೂ ಇಲ್ಲ ಸ್ವಾಮಿ!"

ಸ್ವಾಮಿಗಳು ಅಂತೋಣಪ್ಪನ ಕಾಲು ತೊಳೆದು ಎಣ್ಣೆ ಸವರಿದರು. ಆಮೇಲೆ ನೆಲ ಒರೆಸಿ, ಎಲೆ ಹಾಕತೊಡಗಿದರು.

ಚೌರಪ್ಪ ಹೋಗಿ ಹಗ್ಗ ಎಳೆದ. ಖಾಲಿ ಎಲೆಗಳ ಮುಂದೆ ಜನ ಬಂದು ಕೂರುವುದನ್ನು ನೋಡಲಾರದೆ ಹೊಳೆಯ ಕಡೆ ಮುಖ ಮಾಡಿ ನಿಂತ.

ಆಚೆ ದಡದಿಂದ ಒಂದು ಹರಿಗೋಲು ಹೊರಟಿತು. ಈಚೆ ಬಂದು ಇಳಿದವಳು ಆಚೆ ಊರಿನ ಆರೋಗ್ಯಮ್ಮ. ತಲೆಯ ಮೇಲೆ ದೊಡ್ಡ ಪಾತ್ರೆ, ಬಾಯಿತುಂಬ ಬೈಗುಳ.

"ಏನ್ರಪ್ಪ ನೀವು! ಮಗಳ ಹೆರಿಗೆ ಸಲೀಸಾಯ್ತು ಅಂತ ಹರಕೆ ಅನ್ನ ಮಾಡ್ಕೊಂಡು ಮಧ್ಯಾಹ್ನದಿಂದ ದಡದಲ್ಲಿ ಕೂತಿದೀನಿ. ಗಂಟೆನೇ ಇಲ್ಲ! ಆಶ್ರಮದಲ್ಲಿ ಯಾರೂ ಇಲ್ವೇನೋ ಅಂದ್ಕೊಂಡೆ. ನೋಡಿ, ಅನ್ನ ಎಲ್ಲ ಆರಿಹೋಯ್ತು."

ಆ ಆರಿದ ಅನ್ನದ ರುಚಿ ಚೌರಪ್ಪನ ನಾಲಿಗೆಯ ಮೇಲೆ ಇಂದಿಗೂ ಇದೆ. ಆದರೆ ಅವತ್ತು ಅವನು ಮೊದಲ ತುತ್ತನ್ನು ಕೈಯಲ್ಲೇ ಹಿಡಿದು ಕೂತ. ಪಕ್ಕದಲ್ಲಿ ಅಂತೋಣಪ್ಪ ಗಬಗಬನೆ ಉಣ್ಣುತ್ತಿದ್ದ.

"ಸ್ವಾಮಿ, ಇನ್ಮೇಲೆ ತಪ್ಪಲೆ ನೋಡಲ್ಲ, ಗಂಟೆ ಬಾರಿಸ್ತೀನಿ," ಎಂದ ಚೌರಪ್ಪ. ಮನಸ್ಸು ತಡೆಯಲಿಲ್ಲ, ಕೇಳಿಯೇಬಿಟ್ಟ: "ಆದ್ರೆ ಬಾರಿಸಿದ ಮೇಲೂ ಯಾರೂ ಏನೂ ತರ್ದೇ ಹೋದ್ರೆ?"

ಸ್ವಾಮಿಗಳು ತಮ್ಮ ಎಲೆಯ ಅನ್ನದಲ್ಲಿ ಅರ್ಧ ತೆಗೆದು ಅಂತೋಣಪ್ಪನ ಎಲೆಗೆ ಹಾಕಿದರು.

"ಹಸಿದೋರೆಲ್ಲ ಒಂದೇ ಕಡೆ ಕೂತಿರ್ತೀವಲ್ಲಪ್ಪ. ಹುಡುಕ್ಕೊಂಡು ಬರೋ ದೇವ್ರಿಗೆ ಸುಲಭ ಆಗ್ಲಿ."