ತಾಯಿಯವರು ಬೇಡಿದ ಹರಕೆ

ಪೂಜ್ಯ ಸಂಗಮ್ಮ ತಾಯಿಯವರು ನೇಕಾರರ ಓಣಿಯ ಕೊನೆಯ ತಗಡಿನ ಮನೆಯಲ್ಲಿ, ಮಗ್ಗದ ಕಂಡಿಕೆಗೆ ನೂಲು ಸುತ್ತುತ್ತಾ ವಾಸವಾಗಿದ್ದ ಕಾಲವದು. ಸಂತಾನಕ್ಕೆ ಹರಕೆ ಹೊತ್ತವರು ಕಟ್ಟಿದ ಪುಟ್ಟ ಮರದ ತೊಟ್ಟಿಲುಗಳು ಜಂತಿಯ ತುಂಬ ತೂಗುತ್ತಿದ್ದವು. ತಾಯಿಯವರು ಮಾತ್ರ ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಅಕ್ಷರ ತಿದ್ದಿಸುತ್ತಿದ್ದರು. ಕಂಡ ಕೂಸಿಗೆಲ್ಲ ರೋಗ ಬರದಂತೆ ಸೂಜಿ ಮಾಡಿಸಿರೆನ್ನುತ್ತಿದ್ದರು. ಓಣಿಯ ಬಾಯಿ ಸುಮ್ಮನಿದ್ದೀತೇ? "ಸನ್ಯಾಸಿನಿಗೆ ಸಂಸಾರದ ಉಸಾಬರಿ ಯಾಕಂತ?" ಎಂದು ನಲ್ಲಿಯ ಹತ್ತಿರ ಮೊದಲು ಆಡಿದವಳೇ ದುಂಡವ್ವ.

ಆ ದುಂಡವ್ವನೇ ಒಂದು ಮುಂಜಾನೆ ಸೆರಗಿನಲ್ಲಿ ಹೊಸ ತೊಟ್ಟಿಲು ಮುಚ್ಚಿಕೊಂಡು, ಸೊಸೆ ರಾಚವ್ವನನ್ನು ಕರೆದುಕೊಂಡು ಬಂದಳು. ನಾಲ್ಕು ಹೆತ್ತು ಎರಡನ್ನು ಮಣ್ಣಿಗಿಟ್ಟ ಸೊಸೆಯ ಮುಖ ಸುಣ್ಣದಂತೆ ಬಿಳಿಚಿತ್ತು. ಉಳಿದವೆರಡೂ ಹೆಣ್ಣು, ಚಿಕ್ಕದಿನ್ನೂ ಮೊಲೆಗೂಸು. ದುಂಡವ್ವ ಆಗಲೇ ತಮ್ಮನ ಮಗಳನ್ನು ಮಗನಿಗೆ ಎರಡನೆಯ ಸಂಬಂಧವೆಂದು ನೋಡಿ, ಮಾತಿನ ಗುರುತಿಗೆ ಕುಪ್ಪಸದ ಕಣವನ್ನೂ ಕೊಟ್ಟು ಬಂದಿದ್ದಳು. ಸೊಸೆಯೊಬ್ಬಳನ್ನು ಬಿಟ್ಟು ಓಣಿಗೆಲ್ಲ ಗೊತ್ತು!

"ತಾಯಿಯವರ, ಈ ವರ್ಷ ಗಂಡು ಆಗಬೇಕ್ರಿ. ಇಲ್ಲಂದ್ರ ಮನೀಗೆ ಇನ್ನೊಬ್ಬಾಕಿ ಬರ್ತಾಳ."

ರಾಚವ್ವ ಗಕ್ಕನೆ ಅತ್ತೆಯ ಕಡೆ ತಿರುಗಿದಳು. ತಾಯಿಯವರು ನೂಲಿನಿಂದ ಕಣ್ಣೆತ್ತಲಿಲ್ಲ.

"ದುಂಡವ್ವ, ನೀ ಎಷ್ಟ ಹಡದಿ?"

"ಒಂಬತ್ರಿ."

"ಯಾಕವ್ವ ಅಷ್ಟು?"

"ಎಷ್ಟ ಉಳಿತಾವ ಅಂತ ಯಾರಿಗೆ ಗೊತ್ತಿತ್ರಿ? ಉಳದದ್ದು..." ಎಂದೂ ಕಟ್ಟದ ಬಾಯಿ ಕಟ್ಟಿತು. "ಇಕಿ ಗಂಡ ಒಬ್ಬನ ರೀ."

ತಾಯಿಯವರು ತೊಟ್ಟಿಲನ್ನು ತಮ್ಮ ಮಡಿಲಿಗಿಟ್ಟುಕೊಂಡರು. "ನನ್ನದೊಂದು ಹರಕಿ ಐತಿ, ನೀ ತೀರಸು. ಕೂಸಿಗೆ ಸೂಜಿ ಎಲ್ಲಾ ಮಾಡಸು. ದೊಡ್ಡಾಕಿ ಸಾಲಿಗೆ ಹೋಗ್ಲಿ. ಆಕಿ ನನ್ನ ಮುಂದ ಓದಿ ತೋರಸೂತನಕ ಸೊಸೀಗೆ ಬಸಿರು ಬ್ಯಾಡ, ಮನೀಗೆ ಇನ್ನೊಬ್ಬಾಕಿ ಬ್ಯಾಡ. ಆಮ್ಯಾಲ ಬಾ, ಇದನ್ನ ಕಟ್ಟೂಣು."

ತಾಯಿಯವರ ಹರಕೆ ಮುರಿಯುವ ಎದೆ ಯಾರಿಗಿದೆ? ದುಂಡವ್ವ ಗೊಣಗುತ್ತಲೇ ಚಿಕ್ಕ ಮೊಮ್ಮಗಳನ್ನೆತ್ತಿಕೊಂಡು ಆಸ್ಪತ್ರೆಯಲ್ಲಿ ಸೂಜಿಗೆ ಪಾಳಿ ಹಚ್ಚಿ ನಿಂತಳು. ಮುಂದಿನ ಬೇಸಿಗೆಗೆ ಓಣಿಯಲ್ಲಿ ದಡಾರ ಎದ್ದಿತು. ಅಕ್ಕಪಕ್ಕದ ಮನೆಗಳಿಂದ ಅಳು ಕೇಳಿತು. ದುಂಡವ್ವನ ಚಿಕ್ಕ ಮೊಮ್ಮಗಳು ಮಾತ್ರ ಅಂಗಳದಲ್ಲಿ ಕೋಳಿಮರಿ ಅಟ್ಟುತ್ತಿದ್ದಳು. ಅದನ್ನು ನೋಡುತ್ತಾ ಕುಳಿತ ದುಂಡವ್ವ ತಟ್ಟನೆ ಎದ್ದು ತಮ್ಮನ ಮನೆಗೆ ಹೋಗಿ, ಆ ಸಂಬಂಧದ ಮಾತು ಮುರಿದು ಬಂದಳು.

ದೊಡ್ಡ ಮೊಮ್ಮಗಳು ಓದಿ ತೋರಿಸಿದ ದಿನ ತಾಯಿಯವರು ತೊಟ್ಟಿಲು ತೆಗೆದರು.

"ಕಟ್ಟೂಣೇನವ್ವ?"

ದುಂಡವ್ವ ಸೊಸೆಯ ಕಡೆಗೊಮ್ಮೆ ನೋಡಿದಳು.

"ಬ್ಯಾಡ್ರೀ ಯವ್ವಾ. ಇದ್ದ ಎರಡೂ ಉಳಿತಾವ."

ದುಂಡವ್ವ ಕಣ್ಣೊರೆಸಿಕೊಂಡು, ಆ ತೊಟ್ಟಿಲಲ್ಲಿ ತಾಯಿಯವರ ಕಂಡಿಕೆಗಳನ್ನು ತುಂಬಿಟ್ಟಳು.

ಬರುಬರುತ್ತಾ ಓಣಿಯಲ್ಲಿ ಕೂಸು ಮಣ್ಣಿಗಿಡುವ ಮನೆಗಳು ಕಡಿಮೆಯಾದವು. ತೊಟ್ಟಿಲು ಕಟ್ಟಲು ಬರುವವರೂ ಕಡಿಮೆಯಾದರು. ದುಂಡವ್ವನ ಬಾಯಿ ಮಾತ್ರ ಕಡಿಮೆಯಾಗಲಿಲ್ಲ. ತಾಯಿಯವರ ಕೃಪೆಯಿಂದ ಅದಕ್ಕೂ ಒಂದು ಸೇವೆ ಸಿಕ್ಕಿತು: ಕೂಸಿಗೆ ಸೂಜಿ ಮಾಡಿಸದವರ, ಮಗಳನ್ನು ಸಾಲಿ ಬಿಡಿಸಿದವರ ಮಾನ ಮರುದಿನವೇ ನಲ್ಲಿಯ ಹತ್ತಿರ ಹರಾಜಾಗುತ್ತಿತ್ತು.